ಬಿಳಿ ಗುಬ್ಬಿಯ ಕೊರಳು

ಜೋಳ ಬಿತ್ತಿದ ಮರುದಿನ ಬೆಳಿಗ್ಗೆ ಬಿಳಿ ಗುಬ್ಬಿ ಬೇವಿನ ಬುಡದಲ್ಲಿ ಸತ್ತು ಬಿದ್ದಿತ್ತು. ಮೊದಲು ಕಂಡವಳು ನಾನು.

೧೯೭೯ರ ಆ ಹಿಂಗಾರಿನಲ್ಲಿ, ಜೇವರ್ಗಿ ಹೊರಗಿನ ನಮ್ಮ ಹೊಲಕ್ಕೆ ಕಂದು ಗುಬ್ಬಿಗಳ ಹಿಂಡಿನೊಡನೆ ಅದೊಂದು ಬರುತ್ತಿತ್ತು—ಕಣ್ಣು ಮಾತ್ರ ಕಪ್ಪು, ಉಳಿದದ್ದೆಲ್ಲ ಅರಳೆ. ಅಪ್ಪ ತೀರಿದ ಮೇಲೆ ಮಾತು ಬಿಟ್ಟಿದ್ದ ಅವ್ವ, ಸುಭದ್ರಾಬಾಯಿ, ಅದನ್ನು ಕಂಡ ದಿನ ನನ್ನನ್ನು ಹೆಸರು ಹಿಡಿದು ಕರೆದಿದ್ದಳು.

ಹತ್ತು ಹೆಜ್ಜೆಯಾಚೆ ಬೇಲಿಯಲ್ಲಿ ಬಲೆ ತೂಗುತ್ತಿತ್ತು. ನಮ್ಮ ಹೊಲ ಕಾಯುವ ಹುಸೇನಸಾಬನದು, ಕೌಜುಗ ಹಿಡಿಯುತ್ತಿದ್ದ. ತಾನಲ್ಲವೆಂದು ಎರಡು ಬಾರಿ ಹೇಳಿದ. ಸಂಜೆಯೊಳಗೆ ಗುಡಿಸಲು ಬಿಡು ಎಂದಳು ಅವ್ವ. ಇಪ್ಪತ್ತೆರಡು ವರ್ಷದ ಗುಡಿಸಲು. ಅವನು ಗಂಟು ಕಟ್ಟತೊಡಗಿದ.

ನಾನು ಗುರುರಾಜ ಮಾಸ್ತರರನ್ನು ಕರೆತಂದೆ. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳುವವರು. ಆಳಂದ, ಅಫಜಲಪುರ ಸುತ್ತಿ, ಬಿಳಿ ಕಾಗೆ, ಬಿಳಿ ಗೊರವಂಕ ಕಂಡಲ್ಲೆಲ್ಲ ನೋಟ್‌ಬುಕ್ಕಿನಲ್ಲಿ ಬರೆಯುವವರು.

ಅವರು ಗುಬ್ಬಿಯ ರೆಕ್ಕೆ ಬಿಡಿಸಿ ನೋಡಿದರು.

"ಬಲ್ಯಾಗ ಸಿಕ್ಕಿದ್ದು ಒದ್ದಾಡ್ತದ. ಇದರದು ಒಂದು ಗರಿನೂ ಮುರಿದಿಲ್ಲ. ಕೊರಳಿಗೇನಿದು ಕೆಂಪು?"

"ರಕ್ತ," ಎಂದಳು ಅವ್ವ.

"ರಕ್ತ ಒಣಗಿದ್ರ ಕರ್ರಗಾಗ್ತದ. ಇದು ಪುಡಿ." ಬೆರಳಿಗೆ ಅಂಟಿದ್ದನ್ನು ತೋರಿಸಿದರು. "ನಿನ್ನೆ ಬಿತ್ತೂಕಿಂತ ಮೊದಲ ಏನ್ ಮಾಡಿದ್ರಿ, ಅವ್ವಾರ?"

"ಬಿತ್ತೋ ಕೂರಿಗಿ ಪೂಜಿ. ಆಮ್ಯಾಲ ಮೊದಲ ಹಿಡಿ ಹಕ್ಕಿಗೆ ಚೆಲ್ಲಿದೆ. ನಮ್ಮತ್ತಿ ಕಾಲದಿಂದ ನಡೆದದ್ರಿ."

"ಎಲ್ಲಿ ಚೆಲ್ಲಿದ್ರಿ?"

"ಇಲ್ಲೇ. ಬೇವಿನ ಬುಡಕ್ಕ."

"ಮನಿ ಜೋಳ?"

"ಈ ಸಲ ಪ್ಯಾಟ್ಯಾಗಿನ ಚೀಲ ತಂದೇವ್ರಿ."

ಮಾಸ್ತರರು ಬಗ್ಗಿ ಬೇವಿನ ಸುತ್ತಲಿನ ಒಣ ಎಲೆ ಸರಿಸಿದರು. ಒಂದು, ಎರಡು—ಹನ್ನೊಂದು. ಮಣ್ಣಿನ ಬಣ್ಣದ ಸಾಮಾನ್ಯ ಗುಬ್ಬಿಗಳು. ಬೆಳಗಿನಿಂದ ಅಲ್ಲೇ ಸತ್ತು ಬಿದ್ದಿದ್ದವು. ಬಿಳಿಯದರ ಮೇಲಷ್ಟೇ ಕಣ್ಣಿಟ್ಟಿದ್ದ ನಮಗೆ ಕಂಡಿರಲಿಲ್ಲ.

"ಹುಳ ಹತ್ತಬಾರದಂತ ಆ ಬೀಜಕ್ಕ ವಿಷದ ಕೆಂಪು ಪುಡಿ ಹಚ್ಚಿರ್ತಾರ. ಇವುಗಳ ಕೊರಳಿಗೂ ಅದೇ ಪುಡಿ ಅದ. ಬಿಳೀದರ ಮ್ಯಾಲ ಕಂಡಂಗ ಕಾಣಂಗಿಲ್ಲ, ಅಷ್ಟ." ದನಿ ತಗ್ಗಿಸಿದರು. "ಹುಸೇನಸಾಬ ಅಲ್ಲ, ಅವ್ವಾರ. ಕಾಳು ಹಾಕಿದ ಕೈ ನಿಮ್ಮದ."

ಚೀಲದ ಮೇಲೆ ಇಂಗ್ಲಿಷಿನಲ್ಲಿ ಎಚ್ಚರಿಕೆ ಇತ್ತು. ಮನೆಯಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ. ಓದಿಯೂ ಇದ್ದೆ.

"ನಾ ನಿನಗ ಕೈ ತೊಳಕೋ ಅಂದಿದ್ದೆ ಅಷ್ಟ, ಅವ್ವ. ವಿಷ ಅದ ಅಂತ ಹೇಳಲಿಲ್ಲ," ಎಂದೆ.

ಅವ್ವ ನಿನ್ನೆ ಬೀಜ ಹೊತ್ತಿದ್ದ ಉಡಿಗೇ ಒಂದೊಂದಾಗಿ ಹನ್ನೊಂದನ್ನೂ ಹಾಕಿಕೊಂಡಳು. ಬಿಳಿಯದನ್ನು ಕೊನೆಗೆ.

"ಗಂಟು ಬಿಚ್ಚು, ಹುಸೇನ," ಎಂದಳು, ಅವನ ಕಡೆ ನೋಡದೆ.

ಅವನು ಗಂಟು ಇಳಿಸಿ, ಸಲಿಕೆ ತಂದು ಬೇವಿನ ಬುಡದಲ್ಲಿ ಅಗೆಯತೊಡಗಿದ. ಅಂದಿನಿಂದ ಅವ್ವ ಮತ್ತೆ ಮಾತು ಬಿಟ್ಟಳು.