ಮಿಠಾಯಿಯ ಜೊತೆ ಹೋದ ಮೆಮೊರಿ ಕಾರ್ಡ್

ಈ ಕಥೆ ಹೇಳಲು ನಾನು ತಕ್ಕವಳೇ ಎಂಬ ಅಳುಕು ಇನ್ನೂ ಹೋಗಿಲ್ಲ. ಕ್ಯಾಮೆರಾದ ವಿಷಯ ನನಗೆ ತಿಳಿದಿರುವುದು ಅಷ್ಟಕ್ಕಷ್ಟೆ. ಪ್ರೀತಿಯ ವಿಷಯ ಅದಕ್ಕಿಂತ ಕಡಿಮೆ. ತಪ್ಪಿದ್ದರೆ ದಯವಿಟ್ಟು ಕ್ಷಮಿಸಿ... ಆದರೂ ಹೇಳದೆ ಇರಲಾರೆ.

*

"ಒಂದೇ ಸ್ಲಾಟಾ?! ಇದನ್ನ ಹಿಡ್ಕೊಂಡು ಮದುವೆ ಫೋಟೋ ತೆಗೀತೀರಾ?"

ತರಾಜ್ ಪೇಟೆಯ ಆ ಕ್ಯಾಮೆರಾ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ರಾಬಿಗಾಳ ಕಿವಿ ಬಿಸಿಯಾಯಿತು.

ಅವಳು ಬಂದಿದ್ದು ಲೆನ್ಸ್ ಶುಚಿ ಮಾಡಿಸಿಕೊಂಡು ಹೋಗಲು, ಅಷ್ಟೆ. ಆದರೆ ಅಂಗಡಿಯ ದೌರೆನ್ ಅವಳ ಹಳೆಯ ಕ್ಯಾಮೆರಾವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ, ಜ್ವರ ಬಂದ ಕುರಿಮರಿಯನ್ನು ನೋಡುವ ಹಾಗೆ.

"ಕಾರ್ಡ್ ಕೆಟ್ಟು ಹೋದ್ರೆ? ಕಳೆದು ಹೋದ್ರೆ? ಎರಡು ಸ್ಲಾಟ್ ಇದ್ರೆ ಒಂದೊಂದು ಫೋಟೋನೂ ಎರಡು ಕಾರ್ಡಿಗೂ ಹೋಗುತ್ತೆ. ಒಂದು ಸತ್ರೂ ಇನ್ನೊಂದು ಇರುತ್ತೆ."

"ರೀಲಿನ ಕಾಲದಲ್ಲಿ ಎರಡೆರಡು ರೀಲು ಹಾಕ್ತಿದ್ರಾ? ನಿಮ್ಮಜ್ಜನ ಮದುವೆ ಫೋಟೋ ಏನು ಬರಲೇ ಇಲ್ವಾ?"

"ಬರಲೇ ಇಲ್ಲ! ರೀಲಿಗೆ ಬೆಳಕು ಬಿತ್ತಂತೆ. ಅಜ್ಜಿ ಸಾಯೋವರೆಗೂ ಬೈತಿದ್ರು."

ಎಲ್ಲರೂ ನಕ್ಕರು. ರಾಬಿಗಾ ನಗಲಿಲ್ಲ.

ದೌರೆನ್ ಕಪಾಟಿನಿಂದ ತನ್ನದೇ ಕ್ಯಾಮೆರಾ ತೆಗೆದು ಮುಂದಿಟ್ಟ. "ಇದನ್ನ ತಗೊಂಡ್ಹೋಗಿ. ಬಾಡಿಗೆ ಏನೂ ಬೇಡ. ಮದುವೆ ಆದ್ಮೇಲೆ ವಾಪಸ್ ತಂದುಕೊಡಿ, ಸಾಕು."

'ನನ್ನ ಕೈಲಿ ಆಗಲ್ಲ ಅಂತ ಕರುಣೆ ತೋರಿಸ್ತಿದ್ದಾನೆ... ಅದೂ ಇಷ್ಟು ಜನರ ಮುಂದೆ!'

"ನಿಮ್ಮ ದಾನ ನಿಮ್ಮ ಹತ್ರಾನೇ ಇರಲಿ" ಎಂದವಳೇ ತನ್ನ ಕ್ಯಾಮೆರಾ ಕಸಿದುಕೊಂಡು ಹೊರಟಳು. ದೌರೆನ್ ಹೇಳಬೇಕೆಂದಿದ್ದು ಬೇರೆಯೇ ಇತ್ತು.

*

ಮದುವೆ ರಾಬಿಗಾಳ ಗೆಳತಿ ಗೌಹರಳದು. ಆ ಮನೆತನದಲ್ಲಿ ಇನ್ನೂ ಹಳೆಯ ಪದ್ಧತಿ. ಗಂಡಿನ ಮನೆಯ ಅಂಗಳದಲ್ಲಿ ಹುಡುಗಿಯ ಮುಸುಕು ಎತ್ತುವ ಶಾಸ್ತ್ರಕ್ಕೆ ಅವಳ ತಾಯಿ ಹೋಗುವಂತಿಲ್ಲ.

ಹಿಂದಿನ ದಿನ ತಾಯಿ ರೌಶನ್ ಆಪಾ ರಾಬಿಗಾಳ ಎರಡೂ ಕೈ ಹಿಡಿದುಕೊಂಡಿದ್ದರು.

"ಐನಲಾಯಿನ್, ನನ್ನ ಚಿನ್ನ, ಮುಸುಕು ಎತ್ತುವಾಗ ನನ್ನ ಮಗಳು ಅತ್ಲಾ, ನಕ್ಕಳಾ... ಅದೊಂದು ನಂಗೆ ಗೊತ್ತಾಗ್ಬೇಕಮ್ಮ."

"ನಾನೇ ಬಂದು ಹೇಳ್ತೀನಿ ಆಪಾ."

"ಬೇಡ. ಅತ್ತಿದ್ರೂ ಎಲ್ಲರೂ ನಂಗೆ 'ನಕ್ಕಳು' ಅಂತಾನೇ ಹೇಳೋದು. ನಾನೇ ನೋಡ್ಬೇಕು."

ರಾಬಿಗಾ ಮಾತು ಕೊಟ್ಟಿದ್ದಳು.

ಅಂಗಳದಲ್ಲಿ ಜನ ಕಿಕ್ಕಿರಿದಿದ್ದರು. ವರನ ಅಜ್ಜ ಮೊದಲೇ ಗುಡುಗಿದ್ದರು: "ಫೋನೆಲ್ಲ ಜೇಬಿಗೆ! ಸೊಸೆ ನಮಗೆ ಬಾಗಿ ನಮಸ್ಕರಿಸೋವಾಗ ನಾವು ಫೋನಿನ ಹಿಂದೆ ಬಚ್ಚಿಟ್ಕೊಳ್ಳೋದಾ?" ಹಾಗಾಗಿ ಅಲ್ಲಿ ಫೋಟೋ ತೆಗೆಯುತ್ತಿದ್ದದ್ದು ಒಂದೇ ಕ್ಯಾಮೆರಾ. ರಾಬಿಗಾಳದು.

ವರನ ಕಡೆಯ ನೆಂಟರ ಸಾಲಿನಲ್ಲಿ ಯಾರು? ದೌರೆನ್! ಹೆಗಲಲ್ಲಿ ಅದೇ ಎರಡು ಸ್ಲಾಟಿನ ಕ್ಯಾಮೆರಾದ ಚೀಲ.

'ನಾನು ಸೋಲೋದನ್ನ ನೋಡೋಕೆ ಬಂದಿದ್ದಾನೆ...'

ಹಾಡುಗಾರ ಎರಡು ತಂತಿಯ ದೊಂಬ್ರಾ ನುಡಿಸುತ್ತ ಒಬ್ಬೊಬ್ಬ ಹಿರಿಯರನ್ನೂ ತಮಾಷೆಯಾಗಿ ಹೊಗಳಿದ. ಗೌಹರ್ ಬಾಗಿದಳು. ಕೊನೆಗೆ ದೊಂಬ್ರಾದ ತುದಿಯಿಂದಲೇ ಮುಸುಕು ಎತ್ತಿದ. ರಾಬಿಗಾ ಒಂದೇ ಸಮನೆ ಗುಂಡಿ ಒತ್ತಿದಳು.

ಕಾರ್ಡ್ ತುಂಬಿತು.

ಅದನ್ನು ಹೊರಗೆಳೆದು ಜೇಬಿಗಿಳಿಸಿ ಹೊಸದನ್ನು ಹಾಕುವಷ್ಟರಲ್ಲಿ, ಮಿಠಾಯಿ ಮಳೆ! ಹೆಂಗಸರು ತಟ್ಟೆಗಳಿಂದ ಮಿಠಾಯಿ, ನಾಣ್ಯಗಳನ್ನು ವಧೂವರರ ಮೇಲೆ ಎರಚಿದರು. ಶುಭದ ಮಿಠಾಯಿ, ಬಿಡುವವರುಂಟೆ? ಜನ ನೆಲಕ್ಕೆ ಮುಗಿಬಿದ್ದರು. ರಾಬಿಗಾ ತೂರಾಡಿದಳು. ಯಾರೋ ಅವಳ ಮೊಣಕೈ ಹಿಡಿದು ನಿಲ್ಲಿಸಿದರು. ದೌರೆನ್! ಮರುಕ್ಷಣ ಅವನೂ ಬಗ್ಗಿ, ಅವಳ ಕಾಲ ಬಳಿಯಿಂದ ಏನನ್ನೋ ಎತ್ತಿ ಜೇಬಿಗೆ ಹಾಕಿಕೊಂಡ.

ಗದ್ದಲ ಇಳಿದ ಮೇಲೆ ರಾಬಿಗಾ ಜೇಬು ತಡವಿದಳು.

ಕಾರ್ಡ್ ಇಲ್ಲ.

ಇನ್ನೊಂದು ಜೇಬು... ಇಲ್ಲ! ಚೀಲ... ಇಲ್ಲ!

ರೌಶನ್ ಆಪಾ ತಮ್ಮ ಮನೆ ಬಾಗಿಲಲ್ಲಿ ಕಾಯುತ್ತಿರುತ್ತಾರೆ. ಮುಸುಕನ್ನು ಮತ್ತೆ ಹಾಕಿ ಮತ್ತೆ ಎತ್ತುವುದುಂಟೆ?

"ಕೊಡಿ!" ಅವಳು ನೇರವಾಗಿ ದೌರೆನ್ ಮುಂದೆ ಕೈಚಾಚಿದಳು. "ನಂಗೆ ಪಾಠ ಕಲಿಸೋಕೆ ಎತ್ತಿಟ್ಕೊಂಡ್ರಲ್ಲ, ಆ ಕಾರ್ಡ್ ಕೊಡಿ!"



ದೌರೆನ್ ಕೆಂಪಾದ. ನಿಧಾನವಾಗಿ ಜೇಬನ್ನು ಒಳಗು ಹೊರಗು ಮಾಡಿದ. ಬಿದ್ದದ್ದು ಒಂದು ಮಿಠಾಯಿ.

"ಅಯ್ಯೋ, ನಮ್ಮ ದೌರೆನ್‌ಗೂ ಮದುವೆ ಆಸೆ ಬಂದ್ಬಿಟ್ಟಿದೆ!" ಹೆಂಗಸರು ಹೋ ಎಂದರು. ಮದುವೆಯಾಗದವರು ಆ ಮಿಠಾಯಿಯನ್ನು ಯಾಕೆ ಎತ್ತಿಡುತ್ತಾರೆಂದು ಅಲ್ಲಿ ಎಲ್ಲರಿಗೂ ಗೊತ್ತು.

ರಾಬಿಗಾಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕಣ್ಣು ತುಂಬಿತು. "ನಾನು... ಅದರಲ್ಲಿ ಗೌಹರಳ ಮುಖ ಇತ್ತು. ಅವಳ ಅಮ್ಮನಿಗೆ..."

ದೌರೆನ್ ಮಿಠಾಯಿಯನ್ನು ಮತ್ತೆ ಜೇಬಿಗೆ ಹಾಕಿದ. "ಅಳ್ಬೇಡಿ. ನಿಮ್ಮ ಕಾಲ ಹತ್ರ ಉಲ್ಜಾನ್ ಆಪಾ ಇದ್ರು. ಅವರು ಒಂದೊಂದೇ ಆರಿಸ್ತಿರ್ಲಿಲ್ಲ, ತಲೆವಸ್ತ್ರ ಹಾಸಿ ಗುಡಿಸಿಕೊಳ್ತಿದ್ರು!"

"ಎಲ್ಲಿ ಅವರು?"

"ಊಟದ ಗಂಟು ಕಟ್ಟಿಸ್ಕೊಂಡು ಆಗ್ಲೇ ಹೊಳೆಯಾಚೆ ಊರಿಗೆ ಹೊರಟ್ರು. ಬನ್ನಿ, ಕಾರು ಇದೆ."

*

ಉಲ್ಜಾನ್ ಆಪಾ ಇವರಿಬ್ಬರನ್ನೂ ಕಂಡು ಖುಷಿಯಾಗಿ ಚಹಾಕ್ಕೆ ನೀರಿಟ್ಟರು.

"ಆಪಾ, ಆ ಗಂಟು..."

"ಅಲ್ಲೇ ಇದೆ. ಬಿಚ್ಚೋ ಹಾಗಿಲ್ಲ."

"ಒಂದೇ ಒಂದು ನಿಮಿಷ ಆಪಾ!"

"ಮದುವೆ ಮನೆಯಿಂದ ತಂದದ್ದನ್ನ ಮನೆಯವರೆಲ್ಲ ಸೇರಿದ ಮೇಲೆ ಬಿಚ್ಚೋದು. ಸೊಸೆ, ಮೊಮ್ಮಕ್ಕಳು ಬರ್ಲಿ. ನೀನು ಯಾರ ಮಗಳೇ, ಇಷ್ಟು ಅವಸರ?"

ರಾಬಿಗಾ ಚಹಾ ಕುಡಿದಳು. ರೊಟ್ಟಿ ಮುರಿದಳು. ಮತ್ತೆ ಚಹಾ ಬಂತು. ಗಂಟು ಮೂಲೆಯಲ್ಲಿ ಸುಮ್ಮನೆ ಕೂತಿತ್ತು.

'ಅದರಲ್ಲೂ ಇಲ್ಲದಿದ್ರೆ?'

ದೌರೆನ್ ಮೆಲ್ಲಗೆ ಅಂದ: "ನಾನು ಎಲ್ಲರ ಮುಂದೆ ಹಾಗೆ ಕೂಗಬಾರದಿತ್ತು. ಅಂಗಡೀಲಿ."

"ನಾನು ಎಲ್ಲರ ಮುಂದೆ ನಿಮ್ಮ ಜೇಬು ಬಿಚ್ಚಿಸಿದೆ. ಸರಿಹೋಯ್ತು ಬಿಡಿ." ಅವಳಿಗೆ ಅಳುವಿನ ನಡುವೆಯೂ ನಗು ಬಂತು.

ಕೊನೆಗೂ ಸೊಸೆ ಬಂದಳು. ಮೊಮ್ಮಕ್ಕಳು ಬಂದರು. ಬಟ್ಟೆ ಹಾಸಿ ಗಂಟು ಬಿಚ್ಚಿದರು. ಎಣ್ಣೆಯಲ್ಲಿ ಕರಿದ ಹಿಟ್ಟಿನುಂಡೆ ಬೌರ್ಸಾಕ್, ಮಾಂಸದ ಪೊಟ್ಟಣ, ಆಮೇಲೆ ತಲೆವಸ್ತ್ರದಿಂದ ದಡದಡನೆ ಮಿಠಾಯಿ, ನಾಣ್ಯ, ಒಂದು ಗುಂಡಿ...

ಕರಗಿದ ಟಾಫಿಯೊಂದಕ್ಕೆ ಅಂಟಿಕೊಂಡು, ಚಿಕ್ಕ ಕಪ್ಪು ಕಾರ್ಡ್!

"ಅದಾ? ನಾನು ಚ್ಯೂಯಿಂಗ್ ಗಮ್ ಅಂದ್ಕೊಂಡಿದ್ದೆ" ಎಂದರು ಆಪಾ.

ದೌರೆನ್ ಅದನ್ನು ಒರೆಸಿ ತನ್ನ ಕ್ಯಾಮೆರಾದ ಮೊದಲ ಸ್ಲಾಟಿಗೆ ಹಾಕಿದ. ತೆರೆ ಕಪ್ಪಾಗಿಯೇ ಇತ್ತು. ಆಮೇಲೆ...

ಗೌಹರ್! ಮುಸುಕು ದೊಂಬ್ರಾದ ತುದಿಗೆ ಸಿಕ್ಕಿಕೊಂಡಿದೆ, ಹಾಡುಗಾರ ಪೇಚಾಡುತ್ತಿದ್ದಾನೆ, ಮದುಮಗಳು ಹಲ್ಲು ಕಾಣುವಂತೆ ನಗುತ್ತಿದ್ದಾಳೆ!

ರಾಬಿಗಾ ನೆಲದ ಮೇಲೇ ಕುಸಿದು ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಎದೆಯ ಮೇಲಿನ ಕಲ್ಲು ಇಳಿದ ಅಳು ಅದು.

ದೌರೆನ್ ಆಗಲೇ ಎಲ್ಲ ಫೋಟೋಗಳನ್ನೂ ಎರಡನೇ ಸ್ಲಾಟಿನ ಕಾರ್ಡಿಗೆ ನಕಲು ಮಾಡುತ್ತಿದ್ದ. ಮುಗಿದ ಕೂಡಲೇ ಎದ್ದು ನಿಂತು ಕೂಗಿದ: "ಸುಯಿಂಶಿ!"

ಸಿಹಿಸುದ್ದಿ ತಂದವನು ಹಾಗೆ ಕೂಗಿದರೆ ಉಡುಗೊರೆ ಕೊಡಲೇಬೇಕು.

"ನಾನೂ ಇಲ್ಲೇ ಕೂತು ನೋಡಿದ್ನಲ್ಲ!"

"ಮೊದಲು ಕೂಗಿದ್ದು ನಾನು."

"ಕೊಡ್ಬೇಕಮ್ಮ, ಕೊಡ್ಬೇಕು" ಎಂದರು ಆಪಾ, ಬಾಯಲ್ಲಿ ಮಿಠಾಯಿ.

ರಾಬಿಗಾ ಕಣ್ಣೊರೆಸಿಕೊಂಡಳು. "ಏನು ಬೇಕು?"

"ಈ ಕ್ಯಾಮೆರಾ ತಗೊಂಡ್ಹೋಗಿ."

"ಅದು ಕೊಡೋದಾಯ್ತು. ಕೇಳೋದು ಹೇಗಾಗುತ್ತೆ?"

ದೌರೆನ್ ಚಹಾದ ಬಟ್ಟಲು ನೋಡುತ್ತ ಅಂದ: "ತಗೊಂಡ್ಹೋದ್ರೆ... ವಾಪಸ್ ಕೊಡೋಕೆ ಅಂಗಡಿಗೆ ಬರ್ತೀರಲ್ಲ. ಅವತ್ತೂ ಅದಕ್ಕೇ ಹೇಳಿದ್ದು. ಹೋದ ತಿಂಗಳು ನೀವು ಬ್ಯಾಟರಿ ಕೊಳ್ಳೋಕೆ ಬಂದಾಗಿನಿಂದ, ಮತ್ತೆ ಬರೋ ಹಾಗೆ ಏನು ಮಾಡ್ಲಿ ಅಂತ..."

ಅವಳ ಕಿವಿ ಮತ್ತೆ ಬಿಸಿಯಾಯಿತು. ಈ ಸಲ ಕೋಪಕ್ಕಲ್ಲ.

"ಹಾಗಾದ್ರೆ ಎರಡು ಸ್ಲಾಟ್ ಬೇಕೇ ಬೇಕು ಅಂದಿದ್ದೆಲ್ಲ ಸುಳ್ಳಾ?"

"ಅದು ನಿಜ! ಅಜ್ಜಿಯ ಬೈಗುಳವೂ ನಿಜ."

"ಆ ಮಿಠಾಯಿ?"

ದೌರೆನ್ ಜೇಬಿನಿಂದ ತೆಗೆದ. ಅವಳು ಅದನ್ನು ಕಸಿದು, ಹಲ್ಲಿನಲ್ಲಿ ಕಚ್ಚಿ ಎರಡು ಮಾಡಿ, ಅರ್ಧವನ್ನು ಅವನ ಅಂಗೈಯಲ್ಲಿಟ್ಟಳು.

"ಒಂದು ನನ್ನ ಹತ್ರ, ಒಂದು ನಿಮ್ಮ ಹತ್ರ. ಕಳೆದು ಹೋಗಲ್ಲ."

*

ರೌಶನ್ ಆಪಾ ಆ ಸಂಜೆ ಫೋಟೋವನ್ನು ಬಹಳ ಹೊತ್ತು ನೋಡಿದರು. "ನಕ್ಕಿದ್ದಾಳೆ. ನನ್ನ ಹುಡುಗಿ ನಿಜವಾಗ್ಲೂ ನಕ್ಕಿದ್ದಾಳೆ" ಎಂದು ಹೇಳಿ, ಆಮೇಲೆ ಹಾಯಾಗಿ ನಿದ್ದೆ ಮಾಡಿದರು.

ಜೇಬಿಗೆ ಹಾಕಿದ ಕಾರ್ಡ್ ನೆಲಕ್ಕೆ ಹೇಗೆ ಬಿತ್ತೋ ನನಗೆ ತಿಳಿಯದು. ಎಲ್ಲ ಕ್ಯಾಮೆರಾಗಳಿಗೂ ಎರಡು ಸ್ಲಾಟ್ ಬೇಕೇ ಎಂದು ಕೇಳಿದರೆ ಅದಕ್ಕೂ ನನ್ನಲ್ಲಿ ಉತ್ತರವಿಲ್ಲ. ದೌರೆನ್‌ನ ಆ ಕ್ಯಾಮೆರಾ ಅಂಗಡಿಗೆ ವಾಪಸ್ ಬಂತೋ ಇಲ್ಲವೋ, ಅದೂ ಗೊತ್ತಿಲ್ಲ. ಕೇಳಿದಾಗಲೆಲ್ಲ ಇಬ್ಬರೂ ನಗುತ್ತಾರೆ, ಹೇಳುವುದಿಲ್ಲ.