ಎಂಟು ಜಾವದ ಗರಿಗಳು

ಬಹಳ ಹಿಂದೆ ಹೊಂಬೆಟ್ಟ ಎಂಬೊಂದು ರಾಜ್ಯದಲ್ಲಿ ಎಂಟು ತಾಳೆಗರಿಗಳ ಹಳೆಯ ಪ್ರಾರ್ಥನೆಯ ಕಟ್ಟು ಇತ್ತು, ಮೇಲೊಂದು ಮರದ ಹಲಗೆ ಇಟ್ಟು ದಾರದಲ್ಲಿ ಪೋಣಿಸಿದ್ದು. ಒಂದೊಂದು ಜಾವಕ್ಕೆ ಒಂದೊಂದು ಗರಿ. ಗರಿಗಳು ಸರದಿಯಂತೆ ತಾವೇ ಹಾಡುತ್ತಿದ್ದವು. ಯಾವ ಗರಿ ಹಾಡಿತೋ ಆ ಹೊತ್ತು ಬರುತ್ತಿತ್ತು.

ಅದರ ಮೇಲೆ ಗ್ರಿಂಬಲ್ ಸಾಹೇಬನ ಕಣ್ಣು ಬಿತ್ತು. ರಾಣಿಯೊಬ್ಬಳು ಆಳುವ ದೂರದ ಸೀಮೆಯಿಂದ ಹಡಗಿನಲ್ಲಿ ಬಂದವನು ಅವನು. ಮೈಮೇಲೆ ಕರಿ ಕೋಟು, ತಲೆಮೇಲೆ ಉದ್ದ ಟೋಪಿ, ಹಳೆಯ ವಸ್ತು ಕಂಡರೆ ಬಾಯಲ್ಲಿ ನೀರು. ಅವನು ಚೀಟಿ ಅಂಟಿಸಿದ್ದೆಲ್ಲ ಅವನು ಹೇಳಿದಂತೆ ಕೇಳುತ್ತಿತ್ತು, ಅಂಥ ಮಾಟಗಾರ! ಅವನು ಕಟ್ಟನ್ನು ಕದ್ದು, ದಾರ ಕತ್ತರಿಸಿ, ಚಂದದ ಗರಿ ಮೇಲೆ, ಮಾಸಿದ ಗರಿ ಕೆಳಗೆ ಎಂದು ಜೋಡಿಸಿದ. ಎಲ್ಲಕ್ಕಿಂತ ಚಂದದ್ದು ನಡುಹಗಲಿನ ಗರಿ. ಸರದಿ ಕೆಟ್ಟು ಅದೊಂದೇ ಹಾಡುತ್ತ ಉಳಿಯಿತು. ತಗೋ, ನೆತ್ತಿಗೆ ಬಂದ ಸೂರ್ಯ ಅಲ್ಲೇ ನಿಂತುಬಿಟ್ಟ!

ಬಾವಿಗಳು ಬತ್ತಿದವು. ಚಾಪೆ ಹೆಣೆಯುವ ದೇಮವ್ವನ ಎದೆಹಾಲೂ ಬತ್ತಿತು. ಮೂರು ತಿಂಗಳ ಕೂಸು ಅಳುವುದನ್ನೂ ನಿಲ್ಲಿಸಿದಾಗ ಅವಳ ಜೀವ ಬಾಯಿಗೆ ಬಂತು. ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಸಾಹೇಬನ ಬಂಗಲೆಗೆ ಓಡಿದಳು.

ಬಾಗಿಲಲ್ಲಿ ಕಂಚಿನ ಸಿಂಹ. ಅದರ ಹಣೆಗೆ ಚೀಟಿ.

"ಕಾಲಿಟ್ರೆ ತಿಂತೀನಿ!" ಎಂದಿತು.

"ಆಮೇಲೆ ತಿನ್ನುವಂತೆ. ಮೊದ್ಲು ಹಣೆ ತೋರ್ಸು," ಎಂದವಳೇ ದೇಮವ್ವ ಚೀಟಿ ಕಿತ್ತಳು. ಸಿಂಹ ಮೈಮುರಿದು ಕಾಡಿಗೆ ಓಡಿತು.

ಮೆಟ್ಟಿಲ ಮೇಲೆ ಏಳು ಹೆಡೆಯ ಹಾವು, ಏಳು ಚೀಟಿ. ಒಂದು ಕಿತ್ತರೆ ಉಳಿದ ಆರು ಬುಸ್ಸೆಂದವು. ಆದರೆ ಚಾಪೆ ಹೆಣೆಯುವ ಬೆರಳುಗಳಲ್ಲವೇ? ಕಣ್ಣು ಮಿಟುಕಿಸುವಷ್ಟರಲ್ಲಿ ಏಳೂ ಕೈಗೆ ಬಂದವು!

ಒಳಗೆ ಸಾಹೇಬ ನಗುತ್ತ ಗರಿಗಳನ್ನು ಕಲಸಿ ಹಲಗೆಯ ಸಮೇತ ನೆಲಕ್ಕೆಸೆದ. "ಸರಿಯಾದ ಕ್ರಮದಲ್ಲಿ ಜೋಡಿಸಿದರೆ ಇವು ನಿನ್ನವು, ಹೆಣ್ಣೇ. ಒಂದು ತಪ್ಪಿದರೂ ನಿನಗೂ ನಿನ್ನ ಕೂಸಿಗೂ ಚೀಟಿ!"

ದೇಮವ್ವನಿಗೆ ಓದು ಬಾರದು. ಬೆನ್ನ ಮೇಲೆ ಕೂಸಿನ ಉಸಿರು ಸಣ್ಣಗಾಗುತ್ತಿತ್ತು. ಒಂದು ಗರಿಯನ್ನು ಬೆಳಕಿಗೆ ಹಿಡಿದಳು. ಸಾಸಿವೆಯಷ್ಟು ತೂತು! ಇನ್ನೊಂದರಲ್ಲೂ ತೂತು, ಆದರೆ ಕೊಂಚ ಈಚೆ. ಮತ್ತೊಂದರಲ್ಲಿ ಇನ್ನೂ ಈಚೆ. ಅಯ್ಯೋ ದೇವರೇ, ಹುಳು ಇಡೀ ಕಟ್ಟನ್ನು ಓರೆಯಾಗಿ ಕೊರೆದುಕೊಂಡು ಹೋಗಿದೆ! ಅದು ಹೊಕ್ಕ ಜಾಗ ಮೇಲಿನ ಮರದ ಹಲಗೆಯಲ್ಲಿ ಕಂಡಿತು. ಅಲ್ಲಿಂದ ಹಿಡಿದು ತೂತಿಗೆ ತೂತು ಕೂಡಿಸುತ್ತ ಹೋದಳು.

"ಛೀ, ಹುಳು ತಿಂದದ್ದನ್ನು ಯಾರಾದರೂ ನೋಡುತ್ತಾರೆಯೇ?" ಸಾಹೇಬ ಕಿರುಚಿದ.

"ನಿಮ್ಗೆ ಅಸಹ್ಯ, ಸಾಹೇಬ್ರೇ. ಆದ್ರೆ ಅದು ನಿಮ್ಗಿಂತ ಮೊದ್ಲು ಬಂದಿದ್ದು. ದಾರ ಕತ್ತರಿಸದೇನೇ ತಿಂದಿದೆ."

ಎಂಟನೆಯ ಗರಿ ಕೂತಿತು. ಸೆರಗಿನಿಂದ ಎಳೆ ಕಿತ್ತು ಪೋಣಿಸಿದ್ದೇ ತಡ, ಗರಿಗಳು ಹಾಡತೊಡಗಿದವು! ಬಂಗಲೆಯ ಚೀಟಿಗಳೆಲ್ಲ ಉದುರಿದವು. ಕದ್ದ ವಿಗ್ರಹ, ಗಂಟೆ, ಕಿರೀಟಗಳೆಲ್ಲ ಕಿಟಕಿಯಿಂದ ಹಾರಿ ತಮ್ಮ ತಮ್ಮ ಊರು ಸೇರಿದವು. ಮಾಟ ಕಳೆದುಕೊಂಡ ಸಾಹೇಬ ಬರಿಗೈಯಲ್ಲಿ ಹಡಗು ಹತ್ತಿದ.

ಸೂರ್ಯ ಪಡುವಣಕ್ಕೆ ಜಾರಿದ. ಬಾವಿಗಳಲ್ಲಿ ನೀರು ಉಕ್ಕಿತು, ಜನ ಬೀದಿಯಲ್ಲಿ ಕುಣಿದರು. ದೇಮವ್ವ ನೆರಳಲ್ಲಿ ಕೂತು ಕೂಸನ್ನು ಎದೆಗೆ ಹಾಕಿಕೊಂಡಳು. ಹಾಲು ಇಳಿಯಿತು. ಕೂಸು ಗುಟುಕರಿಸುವ ಸದ್ದು ಕೇಳಿ ಅವಳು ಸಂತೋಷಕ್ಕೆ ಅತ್ತೇಬಿಟ್ಟಳು.

ಅಂದಿನಿಂದ ಹೊಂಬೆಟ್ಟದಲ್ಲಿ ಹೊತ್ತು ಸರಿಯಾಗಿ ಮೂಡಿ, ಸರಿಯಾಗಿ ಮುಳುಗಿ, ಎಲ್ಲರೂ ಸುಖವಾಗಿದ್ದರು. ಆ ಕೂಸಂತೂ ಅಂದು ಹೊಟ್ಟೆ ತುಂಬ ಕುಡಿದು ಮಲಗಿದ್ದು, ಎದ್ದದ್ದು ಮರುದಿನ ಬೆಳಕು ಹರಿದ ಮೇಲೇ.