ಕುದುರೆ ಮಸಾಲೆಗೆ ಬಿದ್ದ ಹುಳ

ಬಸವಂತಮ್ಮನಿಗೆ ಮದುವೆಗೆ ಮೊದಲೇ ಒಬ್ಬ ಸವತಿ ಇದ್ದಳು. ನಾಲ್ಕು ಕಾಲಿನವಳು, ಹಣೆಯ ಮೇಲೆ ಬಿಳಿ ಚುಕ್ಕಿಯವಳು. ರಾಯಚೂರಿನ ಸತ್ತಾರ್ ಸಾಬರ ಟಾಂಗಾ ಎಳೆಯುವ ಕುದುರೆ.

ಹೋದ ವರ್ಷ ಬಾಗಲವಾಡದಲ್ಲಿ ಅವಳ ನಿಶ್ಚಯದ ದಿನ ಹಿರಿಯರೆಲ್ಲ ವೀಳ್ಯದೆಲೆಯ ತಟ್ಟೆ ಇಟ್ಟುಕೊಂಡು ಕೂತಿದ್ದರು. ಅದೇ ಊರಿನ ವರ ಜಂಬಣ್ಣ ಬರಲೇ ಇಲ್ಲ. ಅವನು ಆಗ ಸಾಬರ ಲಾಯದಲ್ಲಿ ಕೆಲಸಕ್ಕಿದ್ದ. ಹೊಟ್ಟೆ ಉಬ್ಬರಿಸಿಕೊಂಡು ಒದ್ದಾಡುವ ಕುದುರೆಯನ್ನು ಬಿಟ್ಟು ಬರಲಾರೆ ಎಂದು ಹೇಳಿ ಕಳಿಸಿದ್ದ. ತಟ್ಟೆಯಲ್ಲಿ ಎಲೆ ಬಾಡಿಹೋಯಿತು.

ಅಂದಿನಿಂದ ಬಾವಿಗೆ ಹೋದರೆ ಸಾಕು, ಹೆಂಗಸರು ಬಾಯಿಗೆ ಸೆರಗು ಹಿಡಿಯುತ್ತಿದ್ದರು. "ಕುದುರಿಗೆ ಸೋತಾಕಿ ಬಂದ್ಲು ನೋಡ್ರಿ!"

ಸೇಡು ತೀರಿಸದೆ ಬಿಡುವವಳಲ್ಲ ಬಸವಂತಮ್ಮ.

ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲ್ ಸಿಗದೆ ರಾಯಚೂರಿನಲ್ಲಿ ಟಾಂಗಾಗಳಿಗೆ ಸುಗ್ಗಿಯೋ ಸುಗ್ಗಿ. ಜಂಬಣ್ಣ ಊರಿಗೆ ಮರಳಿ, ಅವಳ ಹೊಲದ ಪಕ್ಕದ ತನ್ನ ತುಂಡಿನಲ್ಲಿ ಕುದುರೆ ಮಸಾಲೆ ಬಿತ್ತಲು ಹೊರಟ. ಮೆಂತ್ಯದಂಥ ಎಲೆಯ ಆ ಹಸಿರು ಮೇವು ಹೋಗುವುದು ಸತ್ತಾರ್ ಸಾಬರ ಲಾಯಕ್ಕೇ ಎಂದು ಕೇಳಿ ಅವಳಿಗೆ ಮೈ ಉರಿಯಿತು.

ಒಂದು ಬೆಳಿಗ್ಗೆ ಅವನು ಗಾಡಿ ಹೂಡಿಕೊಂಡು ಬಸವಂತಮ್ಮನ ಮನೆಯ ತಿಪ್ಪೆಯ ಹತ್ತಿರ ಬಂದ.

"ಒಂದು ಗಾಡಿ ಗೊಬ್ಬರ ಕೊಡ್ತೀಯೇನು? ನಿಮ್ಮಪ್ಪ ಹೂಂ ಅಂದಾನ."

"ಕುದುರಿ ಮೇವಿಗೇನು?"

"ಹೂಂ. ಸಿಟ್ಟು ಇನ್ನೂ ಇಳಿದಿಲ್ಲೇನು?"

"ನೀ ಯಾರಂತ ನಿನ್ನ ಮ್ಯಾಲೆ ಸಿಟ್ಟಾಗ್ಲಿ?"

ಅವನು ನಕ್ಕ. ನಕ್ಕರೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಅದು ಕಣ್ಣಿಗೆ ಬೀಳಬಾರದೆಂದು ಅವಳು ಎತ್ತಿನ ಕೊಂಬು ನೋಡುತ್ತ ನಿಂತಳು. ಆದರೂ ಬಿತ್ತು.

"ಹೋಗಿ ನೆರಳಿಗೆ ಕೂಡು. ನಾನ ತುಂಬತೀನಿ."

ತಿಪ್ಪೆಯ ಒಂದು ಬದಿ ಚೆನ್ನಾಗಿ ಕಳಿತ ಗೊಬ್ಬರವಿತ್ತು. ಇನ್ನೊಂದು ಬದಿ ಹಸಿಯದು. ಅದನ್ನು ಕೆದರಿದರೆ ದಪ್ಪ ದಪ್ಪ ಬಿಳಿ ಗೊಣ್ಣೆ ಹುಳಗಳು ಸುರುಳಿ ಸುತ್ತಿ ಮಲಗಿರುತ್ತಿದ್ದವು. ಬಸವಂತಮ್ಮ ಗಾಡಿಯ ತಳಕ್ಕೆ ಹಸಿಯದನ್ನೇ ಸುರಿದು, ಮೇಲೆ ಮಾತ್ರ ಕಳಿತದ್ದನ್ನು ಹರಡಿದಳು. ಕುದುರೆಯ ಜ್ವರ ಮುಟ್ಟಿ ಹೇಳಬಲ್ಲ ಜಂಬಣ್ಣನಿಗೆ ಗೊಬ್ಬರದ ಮರ್ಮ ಗೊತ್ತಿರಲಿಲ್ಲ. ಖುಷಿಯಿಂದ ಹೊಡೆದುಕೊಂಡು ಹೋದ.

ಮೇವು ಮೊಳಕಾಲುದ್ದ ಬೆಳೆಯಿತು. ಆಮೇಲೆ, ನೆಲ ತೇವವಿದ್ದರೂ, ಅಲ್ಲಲ್ಲಿ ಹಳದಿಯಾಗಿ ಬಾಡತೊಡಗಿತು. ಬಸವಂತಮ್ಮ ದಿನವೂ ಬದುವಿನ ಮೇಲೆ ನಿಂತು ಕಣ್ತುಂಬ ನೋಡಿದಳು. ಒಂದು ದಿನ ನೋಡಿದ್ದು ಸಾಲದೆ ಹತ್ತಿರವೇ ಹೋದಳು.

"ಏನಾತು? ನನ್ನ ಸವತಿಗೆ ಉಪವಾಸನಾ?"

ಜಂಬಣ್ಣ ನಗಲಿಲ್ಲ. ಒಂದು ಗಿಡ ಎಳೆದ. ಬೇರೇ ಇಲ್ಲದ ದಂಟು ಸಲೀಸಾಗಿ ಕೈಗೆ ಬಂತು.

"ಹುಳ ಬೇರು ತಿಂದಾವ. ಲಾಯದ ಕೆಲಸ ಬ್ಯಾಡ, ಊರಾಗ ಇದ್ದು ಮೇವು ಬೆಳದು ಕಳಸ್ತೀನಂತ ಸಾಬರಿಗೆ ಹೇಳಿ ಬಂದಿದ್ದೆ. ಇದು ಹೋತಂದ್ರ ಮತ್ತ ರಾಯಚೂರೇ ಗತಿ."

"ಊರಾಗ ಯಾಕಿರಬೇಕಾಗಿತ್ತು?"

"ನೀ ಇಲ್ಲಿರ್ತೀಯಲ್ಲ, ಅದಕ್ಕ."

ಅವಳು ಆ ದಂಟನ್ನು ಕೈಗೆ ತೆಗೆದುಕೊಂಡು ನೋಡಿದಳು. ಕುದುರೆಯ ಮೇವು ಹಾಳು ಮಾಡಲು ಹೋಗಿ, ಅವನು ಊರಲ್ಲಿ ನಿಲ್ಲುವ ದಾರಿಯನ್ನೇ ಹಾಳು ಮಾಡಿದ್ದಳು.

"ಆ ಹುಳ ನಾನ ತುಂಬಿ ಕಳಿಸಿದ್ದೆ. ಬೇಕಂತ."

"ಬೇಕಂತ?"

"ಹೂಂ. ಅವತ್ತು ನಮ್ಮವ್ವ ಆ ಬಾಡಿದ ಎಲಿ ಹಿಡಕೊಂಡು ಎಷ್ಟು ಅತ್ತಾಳ, ನಿನಗೇನು ಗೊತ್ತು?"

ಅವನ ಮುಖ ಕೆಂಪಾಯಿತು. "ನಡಿ ಅತ್ಲಾಗ," ಎಂದ.

ಅವಳು ನಡೆದದ್ದು ಹೊಲದ ಬಾವಿಯ ಕಡೆಗೆ. ತನ್ನ ಎತ್ತು ಕಟ್ಟಿ ಕಪಿಲೆ ಹೊಡೆದಳು. ತೊಗಲಿನ ಬಾನಿಯಿಂದ ನೀರು ದಬದಬ ಸುರಿದು ಅವನ ಮೇವಿನ ಮಡಿಗಳಲ್ಲಿ ನಿಂತಿತು. ಉಸಿರುಕಟ್ಟಿದ ಹುಳಗಳು ಮೇಲೆ ಬಂದವು. ಬೆಳ್ಳಕ್ಕಿಗಳು ಇಳಿದವು. ಉಳಿದವನ್ನು ಅವಳು ಕೆಸರಲ್ಲಿ ಕೂತು ಆರಿಸಿದಳು. ಸ್ವಲ್ಪ ಹೊತ್ತಿಗೆ ಅವನೂ ಬಂದು ಪಕ್ಕದಲ್ಲಿ ಕೂತ. ಅವನೂ ಆರಿಸತೊಡಗಿದ. ಹಾಗೇ ಕೆಲವು ದಿನ ನಡೆಯಿತು. ಅರ್ಧ ಮೇವು ಉಳಿಯಿತು. ಅಷ್ಟು ಸಾಕು, ಊರಲ್ಲೇ ಇರು ಎಂದು ಸತ್ತಾರ್ ಸಾಬರು ಹೇಳಿ ಕಳಿಸಿದರು.

ಅಂದು ಜಂಬಣ್ಣ ಸದ್ದಿಲ್ಲದೆ ಒಂದು ದಪ್ಪ ಹುಳವನ್ನು ಅವಳ ಅಂಗೈಗೆ ಹಾಕಿದ. ಅವಳು ಚಿಟ್ಟನೆ ಚೀರಿದಳು.

"ಇದು ನನ್ನ ಸೇಡು," ಎಂದು ನಕ್ಕ. ಮತ್ತೆ ಆ ಗುಳಿ. "ಹಿರಿಯರನ್ನ ಮತ್ತ ಕೂಡಸಲೇನು?"

"ಕೂಡಸು. ಈ ಸಲ ಎಲಿ ತಟ್ಟಿ ನಿಮ್ಮ ಕಟ್ಟಿ ಮ್ಯಾಲೆ. ನೀ ಕೂತು ಕಾಯಿ. ನನಗ ಮನಸ್ಸಾದಾಗ ಬರ್ತೀನಿ."

ಅಪ್ಪ ಬೈದ, ಅವ್ವ ಒಳಗೊಳಗೇ ನಕ್ಕಳು. ಆ ದಿನ ಜಂಬಣ್ಣ ಬೆಳಿಗ್ಗೆಯೇ ತಲೆಗೆ ರುಮಾಲು ಸುತ್ತಿ, ತಟ್ಟೆ ಮುಂದಿಟ್ಟುಕೊಂಡು ಕಟ್ಟೆಯ ಮೇಲೆ ಕೂತ. ಬಿಸಿಲೇರಿತು. ಬಾವಿಯಿಂದ ಬಂದ ಹೆಂಗಸರು ಈಗ ಅವನನ್ನು ನೋಡಿ ಬಾಯಿಗೆ ಸೆರಗು ಹಿಡಿದರು. ಎದುರಿಗಿದ್ದ ತನ್ನ ಮನೆಯಲ್ಲಿ ಬಸವಂತಮ್ಮ ಇಳಕಲ್ ಸೀರೆಯುಟ್ಟು, ಬಾಗಿಲ ಸಂದಿಯಲ್ಲಿ ನಿಂತು ಆನಂದಪಟ್ಟಳು. ಬೆವರಲಿ. ಇನ್ನೂ ಬೆವರಲಿ.

ಜಂಬಣ್ಣ ಕುಡಿಯಲೆಂದು ತಂಬಿಗೆ ಎತ್ತಿದ. ಎಲೆಗಳನ್ನು ನೋಡಿದ. ಕುಡಿಯದೆ ಆ ನೀರಲ್ಲಿ ಬೆರಳದ್ದಿ ಒಂದೊಂದೇ ಎಲೆಗೆ ಚಿಮುಕಿಸತೊಡಗಿದ.

ಬಸವಂತಮ್ಮ ನಿರಿಗೆ ಎತ್ತಿ ಹಿಡಿದು, ಊರೆಲ್ಲ ನೋಡುತ್ತಿರುವಂತೆಯೇ ಓಣಿ ದಾಟಿ ಓಡಿದಳು.

"ಸಂಜಿತನಾ ಕಾಯಸಬೇಕಂತಿದ್ದೆ," ಎಂದಳು ಏದುಸಿರು ಬಿಡುತ್ತ.

"ಕಾಯ್ತಿದ್ದೆ," ಎಂದ ಜಂಬಣ್ಣ.